ಮರಳು ತುಂಬಿದ ಕೋಣೆಗಳು

ನಮೀಬಿಯಾದ ಕೋಲ್ಮನ್ಸ್‌ಕೋಪ್‌ನ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಅರೆತೆರೆದ ಬಾಗಿಲು, ಸೊಂಟದೆತ್ತರಕ್ಕೆ ಒಳನುಗ್ಗಿದ ಮರಳು, ಮಾಸಿದ ನೀಲಿ ಗೋಡೆಯ ಮೇಲೆ ಬೆಳಗಿನ ಓರೆ ಬಿಸಿಲು. ಪಾಳುಬಿದ್ದ ಗಣಿಯೂರುಗಳ ಹಿಂದೆ ಬಿದ್ದ ಛಾಯಾಗ್ರಾಹಕರಿಗೆ ಇದು ಯಾತ್ರಾಸ್ಥಳ. ಚಿತ್ರಗಳು ನಿಜಕ್ಕೂ ಚೆಂದ. ಬೆಳಕನ್ನು ಹಿಡಿಯುವ ಕಸುಬುಗಾರಿಕೆಗೆ ನಾನು ತಲೆಬಾಗುತ್ತೇನೆ.

ಆದರೆ ಎಷ್ಟು ಚಿತ್ರ ನೋಡಿದರೂ ಮನಸ್ಸಿನಲ್ಲಿ ಉಳಿಯುವ ಕತೆ ಒಂದೇ: ಮರಳು ಬಂತು, ಊರು ಹೋಯಿತು. ಇದು ತಪ್ಪು ಕತೆ. 1928ರಲ್ಲಿ ದಕ್ಷಿಣಕ್ಕೆ, ಆರೆಂಜ್ ನದಿಯ ಅಳಿವೆಯ ಬಳಿ, ಇನ್ನೂ ಸಮೃದ್ಧವಾದ ವಜ್ರದ ನಿಕ್ಷೇಪ ಸಿಕ್ಕಿತು. ಗಣಿಗಾರಿಕೆ ಅತ್ತ ಸರಿಯಿತು. 1956ರ ಹೊತ್ತಿಗೆ ಊರು ಪೂರ್ತಿ ಖಾಲಿ. ಅಲ್ಲಿಯವರೆಗೆ ಮರಳನ್ನು ಹೊರಗೇ ತಡೆದಿದ್ದು ಸಲಿಕೆ ಹಿಡಿದ ಕೈಗಳು.

1908ರಲ್ಲಿ ಮೊದಲ ವಜ್ರ ಸಿಕ್ಕಿದ್ದೂ ಅಂಥದೇ ಕೈಗೆ. ರೈಲು ಹಳಿಯ ಮೇಲಿನ ಮರಳು ತೆಗೆಯುತ್ತಿದ್ದ ಕೂಲಿ ಝಕಾರಿಯಾಸ್ ಲೆವಾಲಾ, ಹೊಳೆಯುವ ಕಲ್ಲೊಂದನ್ನು ಹೆಕ್ಕಿ ಮೇಲ್ವಿಚಾರಕ ಆಗಸ್ಟ್ ಸ್ಟೌಖ್‌ಗೆ ಕೊಟ್ಟ. ಸ್ಟೌಖ್ ಸಿರಿವಂತನಾದ, ಲೆವಾಲಾಗೆ ಬಹುಮಾನವೂ ಸಿಗಲಿಲ್ಲ. ಲೂಡೆರಿಟ್ಸ್‌ನಿಂದ ಹೊರಟ ಆ ಹಳಿಯನ್ನು ಹಾಸಲು ಆಗ ಆ ನಾಡನ್ನು ಆಳುತ್ತಿದ್ದ ಜರ್ಮನ್ನರು ಶಾರ್ಕ್ ದ್ವೀಪದ ಸೆರೆಶಿಬಿರದ ಕೈದಿಗಳನ್ನು ದುಡಿಸಿದ್ದರು. ಎಷ್ಟೋ ಮಂದಿ ಆ ಕೆಲಸದಲ್ಲೇ ಸತ್ತರು.

ಕ್ಯಾಮೆರಾಗಳು ಮತ್ತೆ ಮತ್ತೆ ಹೊಕ್ಕು ಬರುವುದು ಯುರೋಪಿಯನ್ನರ ವಾಸದ ಮನೆಗಳನ್ನು, ಆಸ್ಪತ್ರೆಯನ್ನು. ಒವಾಂಬೊ ನಾಡಿನಿಂದ ಕರಾರಿನ ಮೇಲೆ ಬಂದ ಕೂಲಿಗಳ ಬದುಕಿಗೆ ಆ ಚಿತ್ರಗಳಲ್ಲಿ ಜಾಗವಿಲ್ಲ. ಗಣಿಯ ಮೊದಲ ದಿನಗಳ ಕಪ್ಪುಬಿಳುಪು ಚಿತ್ರವೊಂದಿದೆ: ಆಫ್ರಿಕದ ಕೂಲಿಗಳು ಸಾಲಾಗಿ ನೆಲಕ್ಕೆ ಬಾಗಿ ಮರಳಿನಲ್ಲಿ ವಜ್ರ ಹೆಕ್ಕುತ್ತಿದ್ದಾರೆ. ಇಂದಿನ ಬಣ್ಣದ ಚಿತ್ರಗಳಿಗಿಂತ ಅದೇ ನನಗೆ ಹೆಚ್ಚು ತೂಕದ್ದು. ಈ ಊರು ಯಾರ ಮೈಮುರಿತದಿಂದ ಎದ್ದಿತು ಎಂಬುದು ಅದರಲ್ಲಿ ನೇರವಾಗಿ ಕಾಣುತ್ತದೆ.

ಬೇರೆ ದಾರಿಯೂ ಉಂಟು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಹಂಬರ್‌ಸ್ಟೋನ್ ಎಂಬ ಪೆಟ್ಲುಪ್ಪಿನ ಊರು 1960ರಲ್ಲಿ ಮುಚ್ಚಿತು, 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿ ದುಡಿದವರು, ಅವರ ಮಕ್ಕಳು ಅದನ್ನು ತಮ್ಮೂರೆಂದೇ ಕಾಪಾಡಿಕೊಂಡರು. ಆ ಸೀಮೆಯಲ್ಲಿ ಕೂಲಿಯನ್ನು ಕಂಪನಿಯ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಅದರ ವಿರುದ್ಧವೂ ಸೇರಿ ಮುಷ್ಕರ ಹೂಡಿದವರನ್ನು 1907ರಲ್ಲಿ ಇಕೀಕೆಯ ಶಾಲೆಯೊಂದರಲ್ಲಿ ಸೈನ್ಯ ಗುಂಡಿಟ್ಟು ಕೊಂದಿತು. ಹಂಬರ್‌ಸ್ಟೋನ್‌ನ ತುಕ್ಕು ಹಿಡಿದ ತಗಡಿಗೂ ಸೊಗಸಿದೆ, ಆದರೆ ಅಲ್ಲಿ ಸೊಗಸಿನ ಪಕ್ಕದಲ್ಲೇ ಕೂಲಿಯ ಲೆಕ್ಕವೂ ಇದೆ. ಕೋಲ್ಮನ್ಸ್‌ಕೋಪ್‌ನ ಮುಂದಿನ ಚಿತ್ರಸಂಪುಟದಿಂದ ನಾನು ಬಯಸುವುದು ಅಷ್ಟನ್ನೇ.