ಎಂಟು ಬಡಿದ ಮೇಲೆ ತಿಂಡಿ

ಜಪಾನಿನ ಟಿವಿ ಟೋಕಿಯೋದಲ್ಲಿ 2012ರ ಜನವರಿಯಲ್ಲಿ ಒಂದು ಧಾರಾವಾಹಿ ಶುರುವಾಯ್ತು. ಹೆಸರು ‘ಕೊದೊಕು ನೊ ಗುರುಮೆ’. ಕನ್ನಡದಲ್ಲಿ ಹೇಳೋದಾದ್ರೆ ‘ಒಂಟಿ ಭೋಜನಪ್ರಿಯ’. ಕಥೆ ಕೇಳಿದ್ರೆ ನಗ್ತೀರಿ. ಕೋಟು, ಟೈ ಹಾಕಿದ ಎತ್ತರದ ನಡುವಯಸ್ಸಿನ ಮನುಷ್ಯನೊಬ್ಬ ಕೆಲಸದ ಮೇಲೆ ಯಾವುದೋ ಬಡಾವಣೆಗೆ ಹೋಗ್ತಾನೆ. ಕೆಲಸ ಮುಗಿಯುತ್ತೆ. ಹಸಿವಾಗುತ್ತೆ. ಹೋಟೆಲು ಹುಡುಕ್ತಾನೆ, ತಿಂತಾನೆ, ದುಡ್ಡು ಕೊಟ್ಟು ಹೊರಡ್ತಾನೆ. ಅಷ್ಟೇ. ಪ್ರೇಮ ಇಲ್ಲ, ಕೊಲೆ ಇಲ್ಲ, ಅತ್ತೆ ಸೊಸೆ ಇಲ್ಲ. ಇಷ್ಟಿಟ್ಟುಕೊಂಡು 2022ರ ಹೊತ್ತಿಗೆ ಹತ್ತು ಸೀಸನ್ ಮುಗಿಸಿದ್ರು.

ನನ್ನ ಸ್ನೇಹಿತರ ಗುಂಪಿನಲ್ಲಿ ಇದನ್ನ ನೋಡಿದವರೆಲ್ಲ ಒಂದೇ ಮಾತು ಹೇಳ್ತಾರೆ: ಮನಸ್ಸಿಗೆ ಹಾಯಾಗುತ್ತೆ. ನನಗೂ ಆಗುತ್ತೆ. ಆದರೆ ಆ ಹಾಯಿ ಎಲ್ಲಿಂದ ಬರುತ್ತೆ ಅನ್ನೋ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರಿದೆ. ಅದು ಊಟದಿಂದ ಬರೋದಲ್ಲ, ಗಡಿಯಾರದಿಂದ ಬರೋದು ಅಂತ ನನ್ನ ವಾದ.

ಮೊದಲು ಧಾರಾವಾಹಿಯ ಕಸುಬನ್ನ ನೋಡೋಣ. ನಾಯಕನ ಹೆಸರು ಗೊರೊ ಇನೊಗಶಿರ. ನಟ ಯುತಾಕ ಮತ್ಸುಶಿಗೆ. ಮೂಲ, 1994ರಿಂದ 96ರವರೆಗೆ ಪತ್ರಿಕೆಯಲ್ಲಿ ಬಂದ ಒಂದು ಮಾಂಗಾ. ಬರೆದದ್ದು ಮಸಯುಕಿ ಕುಸುಮಿ, ಚಿತ್ರ ಜಿರೊ ತನಿಗುಚಿಯದು. ಪ್ರತಿ ಕಂತಿನಲ್ಲೂ ಒಂದು ಕ್ಷಣ ಬರುತ್ತೆ. ಗೊರೊ ರಸ್ತೆಯ ಮಧ್ಯೆ ಇದ್ದಕ್ಕಿದ್ದಂತೆ ನಿಂತುಬಿಡ್ತಾನೆ, ಹೊಟ್ಟೆ ಹಸೀತಿದೆ ಅಂತಾನೆ. ಕ್ಯಾಮೆರಾ ಮೂರು ಸಲ, ಟಕ್ ಟಕ್ ಟಕ್ ಅಂತ ಹಿಂದಕ್ಕೆ ಸರಿಯುತ್ತೆ. ದೊಡ್ಡ ಊರು, ಮಧ್ಯದಲ್ಲಿ ಒಬ್ಬ ಚಿಕ್ಕ ಮನುಷ್ಯ. ನಮ್ಮ ಫುಡ್ ವ್ಲಾಗುಗಳಲ್ಲಿ ಕ್ಯಾಮೆರಾ ಯಾವಾಗಲೂ ದೋಸೆಯ ಕಡೆಗೆ ನುಗ್ಗುತ್ತಲ್ಲ, ಇಲ್ಲಿ ಹಸಿವಾದ ಕೂಡಲೇ ಹಿಂದಕ್ಕೆ ಹೋಗುತ್ತೆ. ಇಡೀ ಧಾರಾವಾಹಿಯ ಜಾಣತನ ಈ ಮೂರು ಶಾಟ್‌ನಲ್ಲಿದೆ.

ಆಮೇಲೆ ತಿನ್ನೋದು. ಗೊರೊ ಬಾಯಿ ಬಿಟ್ಟು ಮಾತಾಡೋದು ಕಮ್ಮಿ, ಮನಸ್ಸಲ್ಲೇ ಮಾತಾಡ್ಕೊಳ್ತಾನೆ. ಮೆನು ನೋಡಿ ಗಾಬರಿಯಾಗ್ತಾನೆ, ಪಕ್ಕದ ಟೇಬಲ್ಲಿನ ತಟ್ಟೆ ನೋಡಿ ಹೊಟ್ಟೆಕಿಚ್ಚು ಪಡ್ತಾನೆ. ಮೊದಲ ಕಂತಿನಲ್ಲೇ ಮೊನ್ಜೆನ್‌ನಕಚೊ ಅನ್ನೋ ಕಡೆ ಕೆಂಡದ ಮೇಲೆ ಕೋಳಿ ಸುಡುವ ಅಂಗಡಿಗೆ ಹೋಗ್ತಾನೆ. ಸುತ್ತ ಎಲ್ಲರೂ ಕುಡೀತಾ ಇದ್ರೆ ಇವನು ಮಾತ್ರ ಕುಡಿಯೋದಿಲ್ಲ, ಬರೀ ತಿಂತಾನೆ. ಮದುವೆಮನೆಯಲ್ಲಿ ಯಾರ ಗುರುತೂ ಇಲ್ಲದೆ ಪಂಕ್ತಿಗೆ ಕೂತು, ತಲೆಬಗ್ಗಿಸಿ ಹೋಳಿಗೆ ಮುಗಿಸ್ತಾರಲ್ಲ ಕೆಲವರು, ಆ ಥರದ ಏಕಾಗ್ರತೆ. ಅಂಕ ಕೊಡೋದಿಲ್ಲ, ರೆಸಿಪಿ ಕೇಳೋದಿಲ್ಲ, ಫೋಟೋ ತೆಗೆಯೋದಿಲ್ಲ.

ಈಗ ಗಡಿಯಾರಕ್ಕೆ ಬರ್ತೀನಿ. ಗೊರೊ ಸಾಮಾನ್ಯವಾಗಿ ತಿನ್ನೋದು ಹೊತ್ತಲ್ಲದ ಹೊತ್ತಿನಲ್ಲಿ. ಎರಡು ಭೇಟಿಗಳ ನಡುವೆ ಸಿಕ್ಕ ಸಂದಿಯಲ್ಲಿ. ಎಷ್ಟೋ ಕಂತುಗಳಲ್ಲಿ ದೊಡ್ಡ ಊಟಕ್ಕೆ ಮುಂಚೆ ಒಂದು ಸಿಹಿತಿಂಡಿಯ ಅಂಗಡಿಗೂ ನುಗ್ಗಿ ಬಂದಿರ್ತಾನೆ. ಜಪಾನಿನಲ್ಲಿ ಮಧ್ಯಾಹ್ನದ ತಿಂಡಿಗೆ ‘ಒಯತ್ಸು’ ಅಂತ ಹೆಸರು, ಮಕ್ಕಳಿಗೆ ಮೂರು ಗಂಟೆಗೆ ಕೊಡೋದು ವಾಡಿಕೆ. ಈ ಪದದ ಹುಟ್ಟು ನನಗೆ ಬಹಳ ಇಷ್ಟ. ‘ಯತ್ಸು’ ಅಂದ್ರೆ ಎಂಟು. ಮುಂದಿನ ‘ಒ’ ಮರ್ಯಾದೆಗೆ ಸೇರಿಸಿದ್ದು, ನಾವು ‘ಎಂಟಪ್ಪ’ ಅಂದ ಹಾಗೆ. ಹಳೆಯ ಜಪಾನಿನಲ್ಲಿ ನಡುಮಧ್ಯಾಹ್ನಕ್ಕೆ ಗಂಟೆ ಒಂಬತ್ತು ಸಲ ಬಡಿಯುತ್ತಿತ್ತು. ಅಲ್ಲಿಂದ ಎಣಿಕೆ ಇಳಿಯುತ್ತಾ ಬರುತ್ತೆ: ಎಂಟು, ಏಳು, ಸೂರ್ಯ ಮುಳುಗುವಾಗ ಆರು. ಹಗಲು ಉದ್ದವಾದರೆ ‘ಗಂಟೆ’ಯೂ ಉದ್ದ, ಚಳಿಗಾಲದಲ್ಲಿ ಗಿಡ್ಡ. ಜನ ದಿನಕ್ಕೆ ಎರಡೇ ಹೊತ್ತು ಉಣ್ಣುತ್ತಿದ್ದ ಕಾಲ ಅದು. ಎಂಟು ಬಡಿದಾಗ ಕೈಗೆ ಬಾಯಿಗೆ ಏನಾದರೂ ಬೇಕಾಗುತ್ತಿತ್ತು. 1873ರ ಜನವರಿ 1ಕ್ಕೆ ಸರ್ಕಾರ ಆ ಗಡಿಯಾರವನ್ನ ಕೈಬಿಟ್ಟು ನಮ್ಮ ನಿಮ್ಮ 24 ಗಂಟೆಯ ಲೆಕ್ಕ ತಂದಿತು. ಗಡಿಯಾರ ಹೋಯ್ತು, ತಿಂಡಿ ಉಳೀತು. ಇವತ್ತಿಗೂ ಮೂರು ಗಂಟೆಗೆ ತಿನ್ನೋದನ್ನ ‘ಎಂಟು’ ಅಂತ ಕರೀತಾರೆ.

ಕನ್ನಡದಲ್ಲಿ ನಾವೂ ಊಟವನ್ನ ಹೊತ್ತಿನಲ್ಲೇ ಎಣಿಸೋದು. ಎರಡು ಹೊತ್ತಿನ ಊಟ, ಹೊತ್ತು ಮೀರಿದ ಊಟ. ಹೊತ್ತು ಮೊದಲು, ಅನ್ನ ಆಮೇಲೆ.

ಇಷ್ಟು ಹೇಳಿದ ಮೇಲೆ ನನ್ನ ತಕರಾರು. ಗೊರೊನ ಕೆಲಸ ಏನು ಗೊತ್ತಾ? ವಿದೇಶದಿಂದ ಅಲಂಕಾರದ ಸಾಮಾನು ತರಿಸಿ ಮಾರೋ ವ್ಯಾಪಾರ. ಒಬ್ಬನೇ. ಅಂಗಡಿ ಕೂಡ ಇಟ್ಟಿಲ್ಲ, ಕಾಯೋಕೆ ಏನಾದ್ರೂ ಇದ್ರೆ ಬದುಕು ಭಾರವಾಗುತ್ತೆ ಅನ್ನೋ ಜಾತಿಯವನು. ಬಾಸ್ ಇಲ್ಲ, ಟೀಮ್ ಇಲ್ಲ, ಮಕ್ಕಳನ್ನ ಸ್ಕೂಲಿನಿಂದ ಕರ್ಕೊಂಡು ಬರೋದಿಲ್ಲ. ಮೂರೂವರೆಗೆ ಹಸಿವಾದ್ರೆ ಮೂರೂವರೆಗೆ ತಿನ್ನಬಲ್ಲ. ಧಾರಾವಾಹಿ ಇದನ್ನ ಎಲ್ಲ ಮನುಷ್ಯರಿಗೂ ಸಿಕ್ಕ ಒಂದು ಸಣ್ಣ ಸ್ವಾತಂತ್ರ್ಯದ ಹಾಗೆ ತೋರಿಸುತ್ತೆ. ಅದನ್ನ ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ಕೂತು ನೋಡೋ ಪ್ರೇಕ್ಷಕರಲ್ಲಿ ಎಷ್ಟೋ ಜನ ಆಫೀಸಿನಿಂದ ಆಗ ತಾನೆ ಬಂದವರು. ಆ ಹೊತ್ತಲ್ಲಿ ಊಟ ತೋರಿಸಿ ಹೊಟ್ಟೆ ಉರಿಸೋದಕ್ಕೆ ಜಪಾನೀಯರು ‘ಅನ್ನದ ಭಯೋತ್ಪಾದನೆ’ ಅನ್ನೋ ಅರ್ಥದ ಪದವನ್ನೇ ಮಾಡ್ಕೊಂಡಿದ್ದಾರೆ. ತಮಾಷೆಯ ಮಾತೇ. ಆದ್ರೆ ಪ್ರೇಕ್ಷಕ ಕರುಬೋದು ತಟ್ಟೆಗೆ ಮಾತ್ರ ಅಲ್ಲ, ಆ ಮಧ್ಯಾಹ್ನಕ್ಕೆ.

ಈ ಮಧ್ಯಾಹ್ನವನ್ನ ಪೊಟ್ಟಣ ಕಟ್ಟಿ ಮಾರೋ ವಿಷಯದಲ್ಲಿ ಸ್ವೀಡನ್ ಹೆಸರು ಈಚೆಗೆ ಬಹಳ ಕೇಳಿಸುತ್ತೆ. ‘ಫೀಕಾ’ ನಿಮಗೆ ಗೊತ್ತಿರಬಹುದು. ಬೆಂಗಳೂರಿನ ಕೆಫೆಗಳ ಗೋಡೆಯ ಮೇಲೂ ನೋಡಿದ ನೆನಪು. ಕಾಫಿಗೆ ಇದ್ದ ಹಳೆಯ ಸ್ವೀಡಿಷ್ ಪದ ‘ಕಾಫಿ’ಯನ್ನೇ ತಿರುಗಾಮುರುಗಾ ಮಾಡಿದ ಹತ್ತೊಂಬತ್ತನೇ ಶತಮಾನದ ಪೋಲಿ ಭಾಷೆ ಅದು. ಕಾಫಿ, ದಾಲ್ಚಿನ್ನಿ ಬನ್ನು, ಜೊತೆಯವರ ಜೊತೆ ಹರಟೆ. 2015ರಲ್ಲಿ ಅನ್ನಾ ಬ್ರೋನ್ಸ್ ಮತ್ತು ಯೊಹಾನಾ ಶಿಂಡ್ವಾಲ್ ಇದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಚೆಂದದ ಸಚಿತ್ರ ಪುಸ್ತಕ ತಂದರು. ಅದರಲ್ಲಿ ರೆಸಿಪಿಗಳದ್ದೇ ರಾಜ್ಯಭಾರ. ಪುಸ್ತಕದ ಮೇಲೆ ನನಗೆ ಕೋಪ ಇಲ್ಲ. ಆ ನಂತರ ನಮ್ಮ ಲಿಂಕ್ಡ್‌ಇನ್ ಮಹಾಶಯರು ಇದನ್ನ ಹಿಡಿದು ‘ನಿಧಾನಿಸಿ, ಒಂದು ಬನ್ನು ಬೇಯಿಸಿ, ಬದುಕನ್ನ ಆಸ್ವಾದಿಸಿ’ ಅಂತ ಉಪದೇಶ ಶುರುಮಾಡಿದ್ರಲ್ಲ, ಅದರ ಮೇಲೆ ಕೋಪ.

ಯಾಕೇಂದ್ರೆ ಫೀಕಾ ನಿಂತಿರೋದು ಬನ್ನಿನ ಮೇಲಲ್ಲ. ಸ್ವೀಡನ್ನಿನ 1982ರ ಕೆಲಸದ ಅವಧಿಯ ಕಾಯ್ದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು ಅನ್ನುತ್ತೆ. ಅದರ ಹೊರತಾಗಿ, ಕೆಲಸದ ನಡುವೆ ಬೇಕಾದ ಸಣ್ಣ ವಿರಾಮಗಳಿಗೂ ಮಾಲೀಕನೇ ವ್ಯವಸ್ಥೆ ಮಾಡಬೇಕು. ಆ ಸಣ್ಣ ವಿರಾಮ ಕೆಲಸದ ಅವಧಿಯಲ್ಲೇ ಸೇರುತ್ತೆ. ಬೆನ್ನ ಹಿಂದೆ ಗಟ್ಟಿ ಕಾರ್ಮಿಕ ಸಂಘಗಳಿವೆ. ಬೆಳಿಗ್ಗೆ ಹತ್ತರ ಸುಮಾರಿಗೆ, ಮಧ್ಯಾಹ್ನ ಮೂರರ ಸುಮಾರಿಗೆ ಎಲ್ಲರೂ ಒಟ್ಟಿಗೆ ಎದ್ದಾಗ ಯಾರೊಬ್ಬರೂ ‘ಕೆಲಸಗಳ್ಳ’ ಅನ್ನಿಸಿಕೊಳ್ಳೋದಿಲ್ಲ. ಗೊರೊ ಒಬ್ಬನೇ ಪಡೆದದ್ದನ್ನ ಇವರು ಗುಂಪಾಗಿ ಪಡೆದಿದ್ದಾರೆ. ಪುಸ್ತಕ ನೋಡಿ ನಾವು ಬನ್ನು ಬೇಯಿಸಬಹುದು. ಎದ್ದು ಹೋಗೋ ಧೈರ್ಯಕ್ಕೆ ಯಾವ ಹಿಟ್ಟು ಕಲಸೋದು?

ಫ್ರಾನ್ಸಿನದು ಇನ್ನೊಂದು ಗಮ್ಮತ್ತು. ಅಲ್ಲಿ ನಾಲ್ಕೂವರೆ ಸುಮಾರಿಗೆ ಮಕ್ಕಳು ತಿನ್ನೋ ತಿಂಡಿಗೆ ‘ಗೂತೆ’ ಅಂತಾರೆ: ಬ್ರೆಡ್ಡಿನೊಳಗೆ ಒಂದು ತುಂಡು ಚಾಕೊಲೇಟು, ಹೀಗೆ ಏನೋ ಒಂದು. ದೊಡ್ಡವರಿಗೆ ಅದಿಲ್ಲ, ಆದರೆ ಅವರ ಮಧ್ಯಾಹ್ನದ ಊಟಕ್ಕೆ ಕಾನೂನಿನ ಕಾವಲಿದೆ. ಕೆಲಸ ಮಾಡೋ ಜಾಗದಲ್ಲೇ ನೌಕರರು ಊಟ ಮಾಡೋದಕ್ಕೆ ಮಾಲೀಕ ಬಿಡಕೂಡದು ಅಂತ ಅಲ್ಲಿನ ಕಾರ್ಮಿಕ ಸಂಹಿತೆ ಹೇಳುತ್ತೆ. ಶುರುವಾಗಿದ್ದು 1894ರಲ್ಲಿ, ಕಾರ್ಖಾನೆಯ ಧೂಳು ವಿಷ ಹೊಟ್ಟೆಗೆ ಹೋಗದಿರಲಿ ಅಂತ ಮಾಡಿದ ಆರೋಗ್ಯದ ನಿಯಮವಾಗಿ. ಕೋವಿಡ್ ಕಾಲದಲ್ಲಿ, 2021ರ ಫೆಬ್ರುವರಿಯಲ್ಲಿ, ಅಂತರ ಕಾಯ್ದುಕೊಳ್ಳಲಿ ಅಂತ ಅದನ್ನ ತಾತ್ಕಾಲಿಕವಾಗಿ ಸಡಿಲಿಸಿದಾಗ ಪ್ರಪಂಚದ ಪತ್ರಿಕೆಗಳೆಲ್ಲ ನಕ್ಕವು: ಅಯ್ಯೋ, ಫ್ರೆಂಚರಿಗೆ ಡೆಸ್ಕಿನಲ್ಲಿ ತಿನ್ನೋಕೆ ಅನುಮತಿ ಬೇಕಂತೆ! ನನಗೆ ನಗು ಬರಲಿಲ್ಲ. ಆ ಸುದ್ದಿಯನ್ನ ನಾನು ಓದಿದ್ದು ಕೀಬೋರ್ಡಿನ ಪಕ್ಕ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡು.

ಹಿಂದೆ ನಾನು ಕೆಲಸ ಮಾಡ್ತಿದ್ದ ಒಂದು ಕಂಪನಿಯ ಗಿರಾಕಿಗಳು ಸ್ವೀಡನ್ನಿನವರು. ಬೇಸಿಗೆಯಲ್ಲಿ ಅವರಿಗೂ ನಮಗೂ ಮೂರೂವರೆ ಗಂಟೆಯ ಅಂತರ. ಅವರ ಬೆಳಿಗ್ಗೆ ಒಂಬತ್ತಕ್ಕೆ ಕಾಲ್ ಶುರು, ನಮಗೆ ಹನ್ನೆರಡೂವರೆ. ಅವರ ಹತ್ತು ಗಂಟೆಗೆ ಸರಿಯಾಗಿ ಆ ಕಡೆಯಿಂದ ಬಹಳ ಸೌಜನ್ಯದಿಂದ ಹೇಳೋರು, ಈಗ ಫೀಕಾ, ಇಪ್ಪತ್ತು ನಿಮಿಷ ಬಿಟ್ಟು ಸಿಗೋಣ. ನಮಗೆ ಆಗ ಒಂದೂವರೆ. ಆ ಇಪ್ಪತ್ತು ನಿಮಿಷದಲ್ಲಿ ಲಿಫ್ಟು, ಕ್ಯೂ, ಅನ್ನ ಸಾರು, ಕೈ ತೊಳೆಯೋದು ಎಲ್ಲ ಆಗಬೇಕು. ಅವರ ಬನ್ನಿನ ಹೊತ್ತಿನೊಳಗೆ ನಮ್ಮ ಊಟ. ಕೆಟ್ಟ ಜನ ಅಂತ ಹೇಳೋ ಹಾಗೇ ಇಲ್ಲ, ಅವರು ತಮ್ಮ ಹಕ್ಕಿನ ವಿರಾಮ ತಗೊಳ್ತಿದ್ರು. ನಮ್ಮ ಮ್ಯಾನೇಜರ್ ಒಮ್ಮೆಯೂ ‘ನಮಗೆ ಒಂದು ಗಂಟೆ ಬೇಕು’ ಅಂತ ಅವರಿಗೆ ಹೇಳಲಿಲ್ಲ. ಕೇಳಿದ್ರೆ ‘ಕ್ಲೈಂಟು ಕಣ್ರೀ’ ಅನ್ನೋರು. ನಮ್ಮ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಅನ್ನುತ್ತಿತ್ತು. ಅದು ಕಾರ್ಖಾನೆಯ ಮಾತು ಬಿಡಿ, ನಾವು ಬಿಳಿ ಕಾಲರಿನವರು, ಅನ್ನಕ್ಕೆ ಲೆಕ್ಕ ಕೇಳಿದ್ರೆ ನಾಚಿಕೆ.

ಅದಕ್ಕೇ ಗೊರೊನ ಆ ಮೂರು ಶಾಟ್ ನನ್ನನ್ನ ಹಿಡಿದಿಟ್ಟಿರೋದು. ಹಾಗಂತ ಧಾರಾವಾಹಿಗೆ ಪೂರ್ತಿ ಅಂಕ ಕೊಡೋಕೆ ಮನಸ್ಸಿಲ್ಲ. ಜಪಾನಿನಲ್ಲಿ ಎಷ್ಟೋ ಹೋಟೆಲುಗಳು ಮಧ್ಯಾಹ್ನ ಎರಡೂವರೆ ಮೂರಕ್ಕೆ ಬಾಗಿಲು ಹಾಕಿ ಐದರ ಮೇಲೆ ತೆರೀತಾವೆ. ಒಳಗಿನವರೂ ಉಣ್ಣಬೇಕಲ್ಲ. ಗೊರೊ ಬಂದಾಗ ಮಾತ್ರ ಒಲೆಯ ಮುಂದೆ ಯಾವಾಗಲೂ ಒಬ್ಬ ಅಜ್ಜಿ ನಗ್ತಾ ನಿಂತಿರ್ತಾರೆ. ಆ ಅಜ್ಜಿ ಎಷ್ಟು ಹೊತ್ತಿಗೆ ತಿಂದ್ರು? ಇಷ್ಟು ಸೂಕ್ಷ್ಮವಾಗಿ ಹಸಿವನ್ನ ಗಮನಿಸೋ ಧಾರಾವಾಹಿ ಕೌಂಟರಿನ ಆ ಕಡೆಯ ಹಸಿವನ್ನ ಕೇಳೋದೇ ಇಲ್ಲ. ಕಂತಿನ ಕೊನೆಗೆ ಮೂಲ ಲೇಖಕ ಕುಸುಮಿ ಸ್ವತಃ ಆ ನಿಜವಾದ ಅಂಗಡಿಗೆ ಹೋಗಿ, ಹಾಡುಹಗಲೇ ಬಿಯರ್ ಹೀರುತ್ತಾ ಮಾಲೀಕರ ಜೊತೆ ಮಾತಾಡೋ ಒಂದು ತುಣುಕಿದೆ. ನನಗೆ ಆ ತುಣುಕೇ ಎಷ್ಟೋ ಸಲ ಹೆಚ್ಚು ರುಚಿಸುತ್ತೆ, ಅಲ್ಲಿ ಅಡುಗೆಯವರು ನಟರಲ್ಲ.

2025ರ ಜನವರಿಯಲ್ಲಿ ಜಪಾನಿನಲ್ಲಿ ಇದರ ಸಿನಿಮಾ ಬಿಡುಗಡೆಯಾಯ್ತು, ನಿರ್ದೇಶನವೂ ಮತ್ಸುಶಿಗೆಯದೇ. ಗೊರೊ ಪ್ಯಾರಿಸ್ಸಿಗೆ ಹೋಗ್ತಾನೆ, ಮುದುಕರೊಬ್ಬರು ಚಿಕ್ಕಂದಿನಲ್ಲಿ ಕುಡಿದ ಸಾರಿನ ರುಚಿ ಹುಡುಕಿಕೊಂಡು ದ್ವೀಪ ದ್ವೀಪ ಅಲೀತಾನೆ, ಕೊರಿಯಾದವರೆಗೂ ತೇಲ್ತಾನೆ. ನೋಡೋಕೆ ಚೆನ್ನಾಗಿದೆ, ನಗುವೂ ಇದೆ. ಆದರೆ ನನಗೆ ಅರ್ಧಕ್ಕೇ ಆಕಳಿಕೆ ಬಂತು. ಯಾಕೆ ಅಂತ ಆಮೇಲೆ ಹೊಳೀತು: ಈ ಸಲ ಅವನಿಗೆ ಒಂದು ಕೆಲಸ ಒಪ್ಪಿಸಿದ್ದಾರೆ. ಗುರಿ ಇದೆ, ಗಡುವಿದೆ, ಕಾಯ್ತಾ ಇರೋ ಗಿರಾಕಿ ಇದ್ದಾನೆ. ಎರಡು ಭೇಟಿಗಳ ನಡುವಿನ ಆ ಸಂದಿ ಸಿನಿಮಾದಲ್ಲಿ ಇಲ್ಲ. ಸಮಯ ಇದ್ರೆ ಮೊದಲ ಸೀಸನ್ನನ್ನೇ ನೋಡಿ, ಒಂದೊಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತೆ. ರಾತ್ರಿ ಖಾಲಿ ಹೊಟ್ಟೆಯಲ್ಲಿ ಬೇಡ. ಶನಿವಾರ ಇಳಿಹೊತ್ತಿಗೆ, ಪಕ್ಕದಲ್ಲಿ ಒಂದು ತಟ್ಟೆ ಮಂಡಕ್ಕಿ ಇಟ್ಟುಕೊಂಡು.