ಪಿಗ್ಮಿ: ಎರಡಾಣೆಯ ಸಾಹಸ, ಅದರ ಲೆಕ್ಕ

1925ರಲ್ಲಿ ಉಡುಪಿಯಲ್ಲಿ ಮೂವರು ಕೂಡಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಡಾ. ಟಿ.ಎಂ.ಎ. ಪೈ ವೈದ್ಯರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲ. ಅವರಿಗೆ ಹಣದ ನೆರವು ಒದಗಿಸುವುದು ಸಂಸ್ಥೆಯ ಮುಖ್ಯ ಗುರಿಯಾಗಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಉದ್ಯಮಶೀಲತೆಯಿಂದ ಸಮಾಜಕ್ಕೆ ಏನು ದಕ್ಕುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬ ಎರಡೂ ಪ್ರಶ್ನೆಗಳಿಗೆ ಪಿಗ್ಮಿಯಲ್ಲಿ ಉತ್ತರವಿದೆ.

ಯೋಜನೆ ಸರಳ. ಬ್ಯಾಂಕಿನ ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಒಂದು ರೂಪಾಯಿ ಕೂಡಲು ಎಂಟು ದಿನ ಬೇಕು. ಇಷ್ಟು ಚಿಲ್ಲರೆಗಾಗಿ ಮನೆಮನೆ ಅಲೆಯುವುದು ಮೇಲ್ನೋಟಕ್ಕೆ ನಷ್ಟದ ಬಾಬತ್ತು. ಆದರೆ ಸ್ಥಾಪಕರು ಎರಡು ಸಂಗತಿಗಳನ್ನು ಸರಿಯಾಗಿ ಗ್ರಹಿಸಿದ್ದರು. ಮೀನು ಮಾರುವವರಿಗೆ, ದರ್ಜಿಗೆ, ಸಣ್ಣ ಅಂಗಡಿಯವರಿಗೆ ಕಾಸು ಬರುವುದು ದಿನದ ಲೆಕ್ಕದಲ್ಲಿ. ಅದು ಅಂದೇ ಖರ್ಚಾಗುವ ಮೊದಲು ಯಾರಾದರೂ ಬಂದು ಪಡೆದರೆ ಮಾತ್ರ ಉಳಿಯುತ್ತದೆ. ಬ್ಯಾಂಕ್ ತೆರೆದಿರುವ ಹೊತ್ತು ಅವರಿಗೆ ದುಡಿಮೆಯ ಹೊತ್ತು. ಹಾಗಾಗಿ ಬಡವರಿಗೆ ಉಳಿತಾಯದ ಬುದ್ಧಿ ಇಲ್ಲ ಎಂಬ ಹಳೆಯ ಮಾತನ್ನು ಸ್ಥಾಪಕರು ನಂಬಲಿಲ್ಲ. ಕೊರತೆ ಜನರ ಗುಣದಲ್ಲಿಲ್ಲ, ಬ್ಯಾಂಕಿನ ವ್ಯವಸ್ಥೆಯಲ್ಲಿದೆ ಎಂದು ಕಂಡುಕೊಂಡರು. ಉದ್ಯಮಶೀಲತೆಯ ತಿರುಳು ಈ ಕಾಣ್ಕೆಯಲ್ಲಿದೆ. ಬಂಡವಾಳ ಅನಂತರದ ಮಾತು.

ಫಲವೂ ದೊಡ್ಡದು. ಅಲ್ಪ ಗಳಿಕೆಯವರಿಗೆ ಮಗಳ ಮದುವೆಗೆ, ಮಳೆಗಾಲದ ಖರ್ಚಿಗೆ, ಅಂಗಡಿಯ ಸರಕಿಗೆ ಒಂದು ಇಡಿಗಂಟು ಕೈಸೇರುವ ದಾರಿ ತೆರೆಯಿತು. ದಿನವೂ ತಪ್ಪದೆ ಕಟ್ಟಿದ ಲೆಕ್ಕವೇ ಆಸ್ತಿ ಇಲ್ಲದವರ ನಂಬಿಕೆಯ ಪುರಾವೆಯಾಯಿತು. ಪಿಗ್ಮಿ ಖಾತೆಯ ಆಧಾರದ ಮೇಲೆ ಸಾಲ ಕೊಡುವ ರೂಢಿ ಸಹಕಾರಿ ಸಂಘಗಳಲ್ಲಿ ಇಂದಿಗೂ ಇದೆ.

ಆದರೂ ವಿಮರ್ಶೆ ಹೊಗಳಿಕೆಗೇ ನಿಲ್ಲಬಾರದು. ಪಿಗ್ಮಿ ಗಿಟ್ಟಿದ್ದು ಏಜೆಂಟರಿಗೆ ಸಂಬಳದ ಬದಲು ಕಮಿಷನ್ ಕೊಟ್ಟಿದ್ದರಿಂದ. ವಸೂಲಿ ಇದ್ದರೆ ಗಳಿಕೆ, ಇಲ್ಲದಿದ್ದರೆ ಇಲ್ಲ. ಜ್ವರ ಬಂದ ದಿನ, ಅಂಗಡಿಗಳು ಮುಚ್ಚಿದ ದಿನ, ಮಳೆ ಸುರಿದ ದಿನ ನಷ್ಟ ಬ್ಯಾಂಕಿನದಲ್ಲ, ನಡೆಯುವವರದು. ಯೋಜನೆಯನ್ನು ಸಾಧ್ಯವಾಗಿಸಿದ ಜಾಣ್ಮೆಯೇ ಅದರ ಅನ್ಯಾಯವೂ ಆಗಿತ್ತು. ಠೇವಣಿ ಸಂಗ್ರಾಹಕರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2001ರಲ್ಲಿ. ಆಗಲೂ ಅವರನ್ನು ಕಾಯಂ ನೌಕರರನ್ನಾಗಿ ಮಾಡಬೇಕೆಂಬ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಠೇವಣಿದಾರರ ಕಡೆಯಿಂದ ನೋಡಿದರೂ ಒಂದು ಆಕ್ಷೇಪವಿದೆ. ವಸೂಲಿಯ ಖರ್ಚಿನಿಂದಾಗಿ ಪಿಗ್ಮಿಗೆ ಸಿಗುವ ಬಡ್ಡಿ ಸಾಮಾನ್ಯವಾಗಿ ನಿಶ್ಚಿತ ಠೇವಣಿಗಿಂತ ಕಡಿಮೆ. ಅವಧಿಗೆ ಮೊದಲೇ ಹಣ ಹಿಂಪಡೆದರೆ ಕಡಿತವೂ ಇರುತ್ತದೆ. ಅಂದರೆ, ಕೂಡಿಡಲು ಹೆಚ್ಚು ಕಷ್ಟಪಡುವವರೇ ಕೂಡಿಟ್ಟದ್ದಕ್ಕೆ ಕಡಿಮೆ ಪಡೆಯುತ್ತಾರೆ.

ಇವೆರಡನ್ನೂ ತೂಗಿ ನೋಡಿದಾಗ ಪಿಗ್ಮಿಯ ಗಳಿಕೆಯೇ ಹೆಚ್ಚೆಂಬುದು ನನ್ನ ನಿಲುವು. 1969ರಲ್ಲಿ ಸಿಂಡಿಕೇಟ್ ಬ್ಯಾಂಕ್ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಯ ಹೆಸರು ಅಳಿದರೂ ಪಿಗ್ಮಿ ಅಳಿಯಲಿಲ್ಲ. ಸ್ಥಾಪಕರ ಕೈಯಿಂದ ಹೊರಬಂದು ಎಲ್ಲರ ಬಳಕೆಯ ಪದ್ಧತಿಯಾಯಿತು. ಒಬ್ಬರು ಕಟ್ಟಿದ್ದು ಹೀಗೆ ಸಮಾಜದ ಸೊತ್ತಾಗುವುದೇ ಉದ್ಯಮಶೀಲತೆಯ ದೊಡ್ಡ ಗೆಲುವು.

ಇಂದು ಮನೆಬಾಗಿಲಿಗೆ ಸೇವೆ ತರುವ ಹೊಸ ಕಂಪನಿಗಳೂ ಇದೇ ಹಾದಿಯಲ್ಲಿವೆ. ಊಟ, ಸಾಮಾನು ಹೊತ್ತು ತರುವವರಿಗೆ ಅಲ್ಲೂ ಸಂಬಳವಿಲ್ಲ, ಪ್ರತಿ ಸರಬರಾಜಿಗೆ ಇಷ್ಟು ಎಂಬ ಲೆಕ್ಕ. ಪಿಗ್ಮಿಯ ಚರಿತ್ರೆ ಈ ಕಂಪನಿಗಳಿಗೆ ಹೇಳುವ ಪಾಠ ಸ್ಪಷ್ಟವಾಗಿದೆ: ಬಾಗಿಲಿಗೆ ಬರುವವರ ಭದ್ರತೆಯ ಖರ್ಚನ್ನು ಮೊದಲ ದಿನದ ಲೆಕ್ಕದಲ್ಲೇ ಸೇರಿಸಬೇಕು. ಅದನ್ನು ಸೇರಿಸಿದ ಮೇಲೂ ನಿಲ್ಲಬಲ್ಲ ಉದ್ಯಮವನ್ನೇ ನಾವು ಯಶಸ್ವಿ ಎಂದು ಕರೆಯಬೇಕು.