ಬೆವರು ಕೇಳುವವರು ಲೆಕ್ಕವನ್ನೂ ಕೊಡಲಿ

ಪರಿಸರದ ಹೆಸರಿನಲ್ಲಿ ನಡೆಯುವ ಸ್ವಯಂಸೇವೆಯನ್ನು ಹೊಗಳುವವರು ಬಹಳ, ತೂಗಿ ನೋಡುವವರು ಕಡಿಮೆ. ಗಿಡ ನೆಡುವವರನ್ನೋ ಕೆರೆಯ ಹೂಳೆತ್ತುವವರನ್ನೋ ಪ್ರಶ್ನಿಸಿದರೆ ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕಿದಂತಾದೀತು ಎಂಬ ಅಳುಕು ಎಲ್ಲರಿಗೂ ಇದೆ. ಆದರೆ ಬರಗಾಲವೇ ಕಾಯಂ ಅತಿಥಿಯಾಗಿರುವ ಸೀಮೆಯಲ್ಲಿ ಈ ಅಳುಕು ದುಬಾರಿಯಾಗುತ್ತದೆ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದಾಗ ಕರ್ನೂಲು ಜಿಲ್ಲೆಗೆ ಸೇರಿದವು. ಹೊಳಗುಂದ, ಕೌತಾಳ, ಕೋಸಿಗಿ, ಹಾಲಹರ್ವಿಗಳ ಕಡೆ ಇಂದಿಗೂ ಎಷ್ಟೋ ಮನೆಗಳ ಮಾತು ಕನ್ನಡ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಈ ನೆಲದ ಮೇಲೆ ಮೂರು ದಶಕಗಳಿಂದ ಅಭಿಯಾನಗಳ ಸಾಲೇ ಹರಿದಿದೆ: 1997ರಲ್ಲಿ ಜನ್ಮಭೂಮಿ, 2000ದಲ್ಲಿ ನೀರು-ಮೀರು, 2016ರಲ್ಲಿ ವನಂ-ಮನಂ, 2025ರ ಜನವರಿಯಿಂದ ಪ್ರತಿ ತಿಂಗಳ ಮೂರನೆಯ ಶನಿವಾರದ ಸ್ವಚ್ಛ ಆಂಧ್ರ. ಇವನ್ನೂ ಇವುಗಳ ಜೊತೆಜೊತೆಗೆ ಸದ್ದಿಲ್ಲದೆ ನಡೆದ ಬೇರೆ ಕೆಲವು ಪ್ರಯತ್ನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಜನರಿಂದ ಬರೀ ಬೆವರನ್ನು ಕೇಳಿದ ಕೆಲಸ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಕರಗಿದೆ. ಬೆವರಿನ ಜೊತೆಗೆ ಲೆಕ್ಕವನ್ನೂ ತೀರ್ಮಾನದ ಹಕ್ಕನ್ನೂ ಜನರ ಕೈಗೆ ಕೊಟ್ಟ ಕೆಲಸ, ಅರೆಬರೆಯಾಗಿಯಾದರೂ, ಉಳಿದಿದೆ.

ಇದು ಹೊಸ ತತ್ವವೇನಲ್ಲ. ದತ್ತ ಮಂಡಲ ಎನಿಸಿಕೊಂಡಿದ್ದ ಈ ಸೀಮೆಯ ಕೆರೆಗಳನ್ನು ಉಳಿಸಿಕೊಂಡು ಬಂದ ಹಳೆಯ ಏರ್ಪಾಟಿನ ತಿರುಳೇ ಇದು. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ದುರಸ್ತಿಯಲ್ಲಿಟ್ಟವನಿಗೆ ದಶಬಂಧ ಇನಾಮು ಎಂದು ಭೂಮಿ ಬಿಟ್ಟುಕೊಡುವ ಪದ್ಧತಿ ಇಲ್ಲಿ ವ್ಯಾಪಕವಾಗಿತ್ತು. ಮೈಸೂರು ಸೀಮೆಯಲ್ಲಿ ಅದಕ್ಕೆ ಕಟ್ಟುಕೊಡಗೆ ಎನ್ನುತ್ತಿದ್ದರು. ತೂಬು ಎತ್ತಿ ಇಳಿಸುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ನೀರುಗಂಟಿಗೆ ಕಣದಲ್ಲಿ ಕಾಳಿನ ಪಾಲಿತ್ತು. ಆ ಏರ್ಪಾಟನ್ನು ಬಂಗಾರದ ಕಾಲವೆಂದು ಹಾಡಿ ಹೊಗಳಬೇಕಾಗಿಲ್ಲ. ಅದರಲ್ಲಿ ಜಾತಿಯ ಶ್ರೇಣಿ ಇತ್ತು, ಬಿಟ್ಟಿ ದುಡಿಮೆ ಇತ್ತು, ಇನಾಮು ಉಂಡು ಕೆರೆ ಮರೆತವರೂ ಇದ್ದರು. ಆದರೂ ಒಂದು ವಿಷಯದಲ್ಲಿ ಅದು ಇಂದಿನ ಅಭಿಯಾನಗಳಿಗಿಂತ ಪ್ರಾಮಾಣಿಕವಾಗಿತ್ತು: ಕೆರೆ ಕಾಯುವುದು ವರ್ಷವಿಡೀ ಮಾಡುವ ಕೆಲಸ, ಅದಕ್ಕೊಬ್ಬ ಗೊತ್ತಾದ ಮನುಷ್ಯ ಬೇಕು, ಆ ಮನುಷ್ಯನಿಗೆ ಹೊಟ್ಟೆಪಾಡು ಬೇಕು ಎಂಬುದನ್ನು ಅದು ಒಪ್ಪಿಕೊಂಡಿತ್ತು. ಆ ಇನಾಮುಗಳು ಹೋದವು. ಕೆರೆ ಸರ್ಕಾರದ್ದಾಯಿತು, ಹೂಳು ಮಾತ್ರ ಊರಿನದ್ದಾಗಿ ಉಳಿಯಿತು. ಶ್ರಮದಾನ ಎಂಬ ಕರೆ ಬಂದದ್ದು ಆ ಖಾಲಿ ಜಾಗಕ್ಕೆ.

ಜನ್ಮಭೂಮಿಯ ಮಾದರಿ ದಕ್ಷಿಣ ಕೊರಿಯಾದ ಸೆಮಾವುಲ್ ಚಳವಳಿ. ಸರ್ಕಾರದ ಹಣಕ್ಕೆ ಊರಿನವರು ದುಡ್ಡಿನ ಅಥವಾ ದುಡಿಮೆಯ ರೂಪದಲ್ಲಿ ತಮ್ಮ ಪಾಲು ಸೇರಿಸಬೇಕೆಂಬುದು ಅದರ ನಿಯಮ. ಕಾಗದದ ಮೇಲೆ ಇದು ಜನರನ್ನು ಪಾಲುದಾರರನ್ನಾಗಿ ಮಾಡುವ ಯೋಜನೆ. ಹಲವೆಡೆ ನಡೆದದ್ದು ಬೇರೆ: ಊರಿನ ಪಾಲನ್ನು ಗುತ್ತಿಗೆದಾರನೇ ಕಟ್ಟಿದ, ಕೆಲಸವೂ ಅವನದಾಯಿತು, ಬಿಲ್ಲೂ ಅವನದಾಯಿತು. ನೀರು-ಮೀರು ಯೋಜನೆಯಲ್ಲಿ ಇಂಗುಗುಂಡಿ, ಚೆಕ್ ಡ್ಯಾಂ, ಕಂದಕಗಳ ಎಣಿಕೆ ಏರುತ್ತ ಹೋಯಿತು. ಅವುಗಳಿಂದ ಇಂಗಿದ ನೀರನ್ನು ಯಾರು ಎಷ್ಟು ಎತ್ತಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಗುಂಡಿ ತೋಡುವಾಗ ಊರೆಲ್ಲ ಬೇಕು, ನೀರು ಎತ್ತುವಾಗ ಪಂಪ್‌ಸೆಟ್ ಇದ್ದವನೊಬ್ಬನೇ ಸಾಕು ಎಂದಾದರೆ ಭೂಮಿ ಇಲ್ಲದವನು ಎರಡನೆಯ ಸಲ ಗುದ್ದಲಿ ಹಿಡಿದು ಬರುವುದಿಲ್ಲ. ಅದನ್ನು ಸೋಮಾರಿತನ ಎನ್ನಬಾರದು. ಅವನ ಲೆಕ್ಕವೇ ಸರಿ.

ಗಿಡ ನೆಡುವ ಕಾರ್ಯಕ್ರಮಗಳ ಸೋಲಿಗೆ ಈ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ. ಅದು ಪಂಚಾಂಗಕ್ಕೆ ಸಂಬಂಧಿಸಿದ್ದು. ಸಸಿ ಹಚ್ಚುವುದು ಆಷಾಢ-ಶ್ರಾವಣದಲ್ಲಿ, ಮಣ್ಣು ಹಸಿಯಿರುವಾಗ. ಮುಂಗಾರಿನ ಪೈರು ಕೈಗೆ ಬಂತೋ ಇಲ್ಲವೋ, ದೀಪಾವಳಿ ಕಳೆದ ಮೇಲೆ ಕೋಸಿಗಿ, ಕೌತಾಳ, ಪೆದ್ದಕಡಬೂರು ಕಡೆಯ ಹಳ್ಳಿಗಳು ಬರಿದಾಗತೊಡಗುತ್ತವೆ. ಗುಂಟೂರು ಕಡೆಯ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣದ ಹತ್ತಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗಂಡ, ಹೆಂಡತಿ, ಕೆಲವೊಮ್ಮೆ ಶಾಲೆ ಬಿಟ್ಟ ಮಕ್ಕಳೂ ಹೊರಡುತ್ತಾರೆ. ‘ಸುಗ್ಗಿಗೆ ಹೋಗುವುದು’ ಎಂದರೆ ಇಲ್ಲಿ ಹೀಗೆ ಊರು ಬಿಟ್ಟು ದುಡಿಯಲು ಹೋಗುವುದು. ಮನೆಯಲ್ಲಿ ಉಳಿಯುವವರು ಮುದುಕರು, ಕುರಿ ಕಾಯುವವರು. ಹೋದವರು ಮರಳುವುದು ಯುಗಾದಿಯ ಹೊತ್ತಿಗೆ. ಹಚ್ಚಿದ ಸಸಿಗೆ ಕೊಡದಲ್ಲಿ ನೀರು ಹೊರಬೇಕಾದದ್ದು, ಕುರಿಯ ಬಾಯಿಂದ ಅದನ್ನು ಕಾಯಬೇಕಾದದ್ದು ಸರಿಯಾಗಿ ಇದೇ ತಿಂಗಳುಗಳಲ್ಲಿ. ಸಸಿ ಬದುಕುತ್ತದೋ ಇಲ್ಲವೋ ಎಂದು ತೀರ್ಮಾನವಾಗುವುದು ಮೊದಲ ಎರಡು ಬೇಸಿಗೆಗಳಲ್ಲಿ. ಅಭಿಯಾನದ ವರದಿ ತಯಾರಾಗುವುದು ಮೊದಲ ಮಳೆಯಲ್ಲಿ. ನೆಟ್ಟ ಗಿಡಗಳ ಸಂಖ್ಯೆ ಎಲ್ಲರ ಬಾಯಲ್ಲಿ, ಉಳಿದ ಗಿಡಗಳ ಸಂಖ್ಯೆ ಯಾರ ಕಡತದಲ್ಲೂ ಇಲ್ಲ ಎಂಬ ಸ್ಥಿತಿ ಬರುವುದು ಹೀಗೆ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ಗಿಡ ಸತ್ತರೂ ಅರಿವು ಉಳಿಯುತ್ತದೆ, ಶಾಲೆಯ ಮಕ್ಕಳು ಕೈಗೆ ಮಣ್ಣು ಹಚ್ಚಿಕೊಂಡದ್ದೇ ಲಾಭ, ಏನೂ ಮಾಡದಿರುವುದಕ್ಕಿಂತ ಇಷ್ಟಾದರೂ ಮೇಲು ಎಂಬ ವಾದ ಅದು. ಆದೋನಿಯಂಥ ಊರಿಗೆ ಇದನ್ನು ಸ್ವಲ್ಪಮಟ್ಟಿಗೆ ಒಪ್ಪಬಹುದು. ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳ ಆ ಪಟ್ಟಣದಲ್ಲಿ ಮೂರನೆಯ ಶನಿವಾರ ಒಂದು ಚರಂಡಿ ತೆರವಾದರೂ ಆ ಬೀದಿಗೆ ಅಷ್ಟು ಉಪಕಾರವೇ. ಆದರೆ ಅರಿವು ಎಂಬ ಮಾತು ಸೋಲನ್ನು ಮುಚ್ಚುವ ಹೊದಿಕೆಯಾಗಬಾರದು. ಅದೇ ಗುಂಡಿಯಲ್ಲಿ ವರ್ಷವರ್ಷವೂ ಹೊಸ ಸಸಿ ನೆಡುವ ಮಗು ಕಲಿಯುವುದು ಪರಿಸರವನ್ನಲ್ಲ. ಸಮಾರಂಭ ಮುಗಿದರೆ ಜವಾಬ್ದಾರಿಯೂ ಮುಗಿಯಿತು ಎಂಬುದನ್ನು. ಪೌರಕಾರ್ಮಿಕರು ದಿನವೂ ಮಾಡುವ ಕೆಲಸವನ್ನು ಅಧಿಕಾರಿಗಳು ತಿಂಗಳಿಗೊಮ್ಮೆ ಪೊರಕೆ ಹಿಡಿದು ಫೋಟೋದಲ್ಲಿ ಮಾಡಿದರೆ ಗೌರವ ಸಲ್ಲುವುದು ಯಾರಿಗೆ ಎಂಬುದನ್ನೂ ಯೋಚಿಸಬೇಕು.

ಬೆವರಿನ ಜೊತೆಗೆ ಲೆಕ್ಕ ಕೊಡುವುದು ಎಂದರೇನು ಎಂಬುದಕ್ಕೆ ಒಳ್ಳೆಯ ಉದಾಹರಣೆ ಇದೇ ಜಿಲ್ಲೆಯಲ್ಲಿದೆ. ಆಂಧ್ರಪ್ರದೇಶ ರೈತರ ಅಂತರ್ಜಲ ನಿರ್ವಹಣಾ ಯೋಜನೆ 2003ರಿಂದ ಕೆಲವು ವರ್ಷ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ, ಕರ್ನೂಲು, ಅನಂತಪುರ ಸೇರಿ ಏಳು ಬರಪೀಡಿತ ಜಿಲ್ಲೆಗಳ ಸುಮಾರು 650 ಹಳ್ಳಿಗಳಲ್ಲಿ ನಡೆಯಿತು. ಇದರಲ್ಲಿ ಸಬ್ಸಿಡಿ ಇರಲಿಲ್ಲ, ಯಾರಿಗೂ ಇಂಥ ಬೆಳೆ ಇಡಬೇಡ ಎಂಬ ತಾಕೀತೂ ಇರಲಿಲ್ಲ. ಇದ್ದದ್ದು ಅಳತೆ. ಊರಿನ ರೈತರೇ, ಹೆಣ್ಣುಮಕ್ಕಳೂ ಸೇರಿ, ದಿನವೂ ಮಳೆಮಾಪಕ ನೋಡಿ ಬರೆದಿಟ್ಟರು. ಹದಿನೈದು ದಿನಕ್ಕೊಮ್ಮೆ ಗೊತ್ತುಪಡಿಸಿದ ಕೊಳವೆ ಬಾವಿಗೆ ಟೇಪು ಇಳಿಸಿದರು. ತುದಿ ನೀರಿಗೆ ತಾಕಿ ಸದ್ದಾದರೆ ಅಲ್ಲಿಗೆ ನೀರಿನ ಮಟ್ಟ. ಪಂಪಿನ ಬಾಯಿಗೆ ಡ್ರಮ್ ಒಡ್ಡಿ ಎಷ್ಟು ಸೆಕೆಂಡಿಗೆ ತುಂಬಿತೆಂದು ಗಡಿಯಾರ ಹಿಡಿದು ನೋಡಿದರು. 200 ಲೀಟರಿನ ಡ್ರಮ್ 100 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರು: ಭೂಗರ್ಭಶಾಸ್ತ್ರ ಓದದವರೂ ಮಾಡಬಲ್ಲ ಲೆಕ್ಕ ಇದು. ಈ ಅಂಕಿಗಳನ್ನು ಊರ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದರು. ಮುಂಗಾರು ಮುಗಿದು ಹಿಂಗಾರು ಬಿತ್ತುವ ಮುನ್ನ ಜನ ಸೇರಿ ನೆಲದಡಿ ಎಷ್ಟು ನೀರಿದೆ, ಯಾರ್‍ಯಾರು ಯಾವ ಬೆಳೆ ಇಡಲಿದ್ದಾರೆ, ಅದಕ್ಕೆ ಎಷ್ಟು ನೀರು ಬೇಕು ಎಂದು ಜಮಾಖರ್ಚು ಹಾಕಿದರು. ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು-ಮೂರು ಎಕರೆ ಜೋಳವೋ ಕಡಲೆಯೋ ಆಗುತ್ತದೆ ಎಂಬುದು ಬಾಯಿಮಾತಿನಲ್ಲಿ ಎಲ್ಲರಿಗೂ ಗೊತ್ತು. ತಮ್ಮದೇ ಅಂಕಿಯಲ್ಲಿ ಅದನ್ನು ಕಂಡಾಗ ತೀರ್ಮಾನ ಬದಲಾಗುತ್ತದೆ. ಹಲವು ಕಿರುಜಲಾನಯನಗಳಲ್ಲಿ ಹಿಂಗಾರಿನಲ್ಲಿ ಎತ್ತುವ ನೀರು ಇಳಿಯಿತೆಂದು ವಿಶ್ವಬ್ಯಾಂಕಿನ 2010ರ ಅಂತರ್ಜಲ ವರದಿ ಗುರುತಿಸಿತು.

ಈ ಉದಾಹರಣೆಯ ಮೇಲೂ ಬಲವಾದ ಆಕ್ಷೇಪವಿದೆ. ಯೋಜನೆಯ ಹಣ ನಿಂತ ಮೇಲೆ ಆ ಸಮಿತಿಗಳು ಮಂಕಾದವು. ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ (ಐಡಬ್ಲ್ಯುಎಂಐ-ಟಾಟಾ) 2012ರ ಅಧ್ಯಯನ ಇಂಥದೇ ಅನುಮಾನಗಳನ್ನು ಎತ್ತಿತು. ಹಾಗಿದ್ದರೆ ಇದೂ ಜನ್ಮಭೂಮಿಯ ಅಣ್ಣತಮ್ಮನೇ ಅಲ್ಲವೇ? ಅಲ್ಲ ಎನ್ನಲು ಕಾರಣವಿದೆ. ಕೈಬಿಟ್ಟ ಇಂಗುಗುಂಡಿ ಹೂಳು ತುಂಬಿ ಮಾಯವಾಗುತ್ತದೆ. ಅಳೆಯಲು ಕಲಿತವನ ಕಲಿಕೆ ಅಷ್ಟು ಬೇಗ ಅಳಿಯುವುದಿಲ್ಲ. ಆದರೆ ಕಲಿಕೆಯೊಂದೇ ಸಾಲದೆಂಬುದನ್ನೂ ಈ ಸೋಲು ಹೇಳುತ್ತದೆ. ರೈತರಿಗೆ ಲೆಕ್ಕ ಸಿಕ್ಕಿತ್ತು, ಅಧಿಕಾರ ಸಿಕ್ಕಿರಲಿಲ್ಲ. ಗೋಡೆಯ ಮೇಲಿನ ಅಂಕಿಯನ್ನು ಪಂಚಾಯಿತಿ ತನ್ನ ನಿರ್ಣಯಕ್ಕೆ ಆಧಾರ ಮಾಡಿಕೊಳ್ಳಬೇಕೆಂದು ಯಾವ ಕಾನೂನೂ ಹೇಳಲಿಲ್ಲ. 2002ರಲ್ಲಿ ಬಂದ ವಾಲ್ಟಾ ಎಂಬ ನೀರು, ಭೂಮಿ, ಮರಗಳ ಕಾಯ್ದೆ ಹೊಸ ಕೊಳವೆ ಬಾವಿಗೆ ಅನುಮತಿ ಬೇಕೆಂದಿತು. ಆ ಅನುಮತಿಗೂ ಊರವರ ಟೇಪಿನ ಅಳತೆಗೂ ಸಂಬಂಧ ಕೂಡಿಸುವ ಕೆಲಸ ಆಗಲಿಲ್ಲ. ತನ್ನ ಅಂಕಿಯನ್ನು ಯಾರೂ ಕೇಳುವುದಿಲ್ಲ ಎಂದು ತಿಳಿದ ಮೇಲೆ ಹದಿನೈದು ದಿನಕ್ಕೊಮ್ಮೆ ಟೇಪು ಹಿಡಿದು ಹೋಗುವ ಉತ್ಸಾಹ ಯಾರಿಗೆ ಉಳಿದೀತು?

ಇನ್ನೂ ದೊಡ್ಡ ಆಕ್ಷೇಪವೊಂದಿದೆ. ಈ ಸೀಮೆಯ ನೀರಿನ ಹಣೆಬರಹ ಹಳ್ಳಿಯ ಗೋಡೆಯ ಮೇಲೆ ಬರೆದಿಲ್ಲ, ತುಂಗಭದ್ರಾ ಅಣೆಕಟ್ಟೆಯಲ್ಲಿ ಬರೆದಿದೆ. ಅದರ ಮುಂದೆ ಸ್ವಯಂಸೇವೆ ಎಷ್ಟರ ಮಾತು ಎಂಬುದು ಅದು. ಆಕ್ಷೇಪದಲ್ಲಿ ಹುರುಳಿದೆ. ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆಯನ್ನು ಹಾದು ಕರ್ನೂಲಿಗೆ ಬರುತ್ತದೆ. ಆಂಧ್ರದ ಪಾಲು 24 ಟಿಎಂಸಿ, ನೀರುಣಿಸಬೇಕಾದ ಭೂಮಿ ಸುಮಾರು 1.5 ಲಕ್ಷ ಎಕರೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ ಈಗ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯ ರೈತ ಏನು ಮಾಡಬಹುದಿತ್ತು? ಅಣೆಕಟ್ಟೆಯ ಮೇಲೆ ಏನೂ ಇಲ್ಲ. ಕಾಲುವೆಯ ಮೇಲೆ ಮಾತ್ರ ಮಾಡಬಹುದಾದದ್ದು ಇತ್ತು, ಇದೆ. 1997ರ ಕಾಯ್ದೆಯಂತೆ ಆಂಧ್ರದಲ್ಲಿ 10,000ಕ್ಕೂ ಹೆಚ್ಚು ನೀರು ಬಳಕೆದಾರರ ಸಂಘಗಳು ಚುನಾಯಿತವಾದವು. ತೂಬಿನಲ್ಲಿ ಎಷ್ಟು ನೀರು ಬಿಟ್ಟರು, ಕೊನೆಯ ಹೊಲಕ್ಕೆ ಎಷ್ಟು ತಲುಪಿತು ಎಂದು ಅಳೆದು ಸಾರ್ವಜನಿಕವಾಗಿ ಬರೆಯುವ ಕೆಲಸವನ್ನು ಈ ಸಂಘಗಳು ಮಾಡಿದ್ದರೆ, ಮೇಲಿನವರು ನೀರು ಕದಿಯುತ್ತಾರೆ ಎಂಬ ನಿತ್ಯದ ದೂರು ಸಾಕ್ಷಿ ಸಮೇತದ ಹಕ್ಕೊತ್ತಾಯವಾಗುತ್ತಿತ್ತು. ವಿಷಯ ದೊಡ್ಡದು ಎಂಬ ಕಾರಣಕ್ಕೆ ಊರಿನ ಲೆಕ್ಕ ವ್ಯರ್ಥವಾಗುವುದಿಲ್ಲ. ದೊಡ್ಡವರ ಮುಂದೆ ಬಾಯಿ ತೆರೆಯಲು ಬೇಕಾದದ್ದೇ ಲೆಕ್ಕ.

ಲೆಕ್ಕವಿಲ್ಲದಿದ್ದರೂ ಹಕ್ಕನ್ನು ಚಲಾಯಿಸಿದ ನಿದರ್ಶನ ದೇವನಕೊಂಡ ಮಂಡಲದ ಕಪ್ಪಟ್ರಾಳ್ಲದ್ದು. ಅಲ್ಲಿನ ಮೀಸಲು ಅರಣ್ಯದಲ್ಲಿ ಯುರೇನಿಯಂ ಶೋಧಕ್ಕೆ 68 ಕೊಳವೆ ಕೊರೆಯುವ ಪ್ರಸ್ತಾವ ಬಂದಾಗ, 2024ರ ನವೆಂಬರಿನಲ್ಲಿ ಸುತ್ತಲಿನ ಹಳ್ಳಿಗಳವರು ರಸ್ತೆಗಿಳಿದರು, ಸಭೆ ಸೇರಿ ಬೇಡವೆಂದರು. ಸರ್ಕಾರ ಕೆಲಸವನ್ನು ತಡೆಹಿಡಿಯಿತು. ಬಣಗಳ ಕಾದಾಟದಿಂದ ಹೆಸರು ಕೆಡಿಸಿಕೊಂಡಿದ್ದ ಊರು ಅದು. ಒಬ್ಬರನ್ನೊಬ್ಬರು ನಂಬದ ಜನ ಒಂದು ಕಾಡಿನ ವಿಷಯಕ್ಕೆ ಒಟ್ಟು ನಿಂತರು. ಇದು ಪ್ರತಿಭಟನೆ, ಸ್ವಯಂಸೇವೆ ಹೇಗಾದೀತು ಎಂದು ಕೇಳುವವರಿದ್ದಾರೆ. ಸಸಿ ನೆಡುವ ಕೈ ಸೇವೆಯಾದರೆ ನಿಂತ ಕಾಡನ್ನು ಕಾಯುವ ಮಾತೂ ಸೇವೆಯೇ. ದೇಶಕ್ಕೆ ಪರಮಾಣು ವಿದ್ಯುತ್ತು ಬೇಡವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೆ ಹೌದೆಂದರೂ ಇಲ್ಲವೆಂದರೂ, ಕೊಳವೆ ಕೊರೆಯುವ ಮುನ್ನ ಕಾಡಿನಂಚಿನವರನ್ನು ಕೇಳಬೇಕು ಎಂಬ ತತ್ವ ಸಡಿಲವಾಗುವುದಿಲ್ಲ. ಇಲ್ಲಿನ ಕೊರತೆ ಬೇರೆ. ಒಗ್ಗಟ್ಟಿನಿಂದ ಕೆಲಸ ನಿಂತಿತು, ಆದರೆ ಆ ಕಾಡಿನ ನೀರು, ಮೇವು, ಪ್ರಾಣಿಗಳ ದಾಖಲೆ ಊರಿನವರ ಕೈಯಲ್ಲಿಲ್ಲದಿದ್ದರೆ ಮುಂದಿನ ಪ್ರಸ್ತಾವ ಬಂದಾಗ ಮತ್ತೆ ರಸ್ತೆಗೇ ಇಳಿಯಬೇಕಾಗುತ್ತದೆ.

ಕೊನೆಯ ಆಕ್ಷೇಪ ಹಣದ್ದು. ಇಂಥ ಕೆಲಸಕ್ಕೆ ಸಂಬಳ ಕೊಟ್ಟರೆ ಅದು ಸೇವೆ ಹೇಗಾಗುತ್ತದೆ? ಆಂಧ್ರದ ಸಮುದಾಯ ನಿರ್ವಹಣೆಯ ಸಹಜ ಕೃಷಿ ಕಾರ್ಯಕ್ರಮ ಇದಕ್ಕೆ ಉತ್ತರ ಕೊಟ್ಟಿದೆ. 2024ರಲ್ಲಿ ಗುಲ್ಬೆಂಕಿಯನ್ ಪ್ರಶಸ್ತಿಯನ್ನು ಹಂಚಿಕೊಂಡ ಈ ಕಾರ್ಯಕ್ರಮ ಮಹಿಳಾ ಸ್ವಸಹಾಯ ಸಂಘಗಳ ಬೆನ್ನೆಲುಬಿನ ಮೇಲೆ ನಿಂತಿದೆ. ಊರಿನ ರೈತರೇ ಗೌರವಧನ ಪಡೆದು ಉಳಿದ ರೈತರಿಗೆ ಕಲಿಸುತ್ತಾರೆ. ಬಿಟ್ಟಿ ಸೇವೆ ಮಾಡಬಲ್ಲವನು ನಾಳೆಯ ಕೂಲಿಯ ಚಿಂತೆ ಇಲ್ಲದವನು. ಬಡವನಿಂದ ಅದನ್ನು ಕೇಳುವುದೆಂದರೆ ಅವನ ಸುಗ್ಗಿಯ ಕೂಲಿಯಿಂದ ಕಡಿತ ಮಾಡಿದಂತೆಯೇ ಸರಿ.

ಆದೋನಿ ಸೀಮೆಯ ಪರಿಸರ ಸೇವೆಯಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಅದನ್ನು ಬಳಸಿಕೊಳ್ಳುವವರ ಪ್ರಾಮಾಣಿಕತೆಯಲ್ಲಿ ಎಂಬುದೇ ಈ ಎಲ್ಲದರಿಂದ ಹೊರಡುವ ತೀರ್ಪು. ತಿದ್ದಿಕೊಳ್ಳಲು ದೊಡ್ಡ ಖರ್ಚೂ ಬೇಡ. ನೆಟ್ಟ ಗಿಡಗಳ ಬದಲು ಎರಡನೆಯ ಬೇಸಿಗೆ ದಾಟಿದ ಗಿಡಗಳನ್ನು ಎಣಿಸಲಿ, ಕೂಲಿಯೂ ಆ ಎಣಿಕೆಯ ಮೇಲೆ ಸಿಗಲಿ. ಪ್ರತಿ ಪಂಚಾಯಿತಿಯಲ್ಲಿ ಸುಗ್ಗಿಗೆ ಹೋಗದೆ ಉಳಿಯುವ ಒಬ್ಬ ಹೆಣ್ಣುಮಗಳಿಗೋ ಗಂಡುಮಗನಿಗೋ ಬಾವಿಯ ಮಟ್ಟ ಅಳೆಯುವ ಕೆಲಸವನ್ನು ಗೌರವಧನದೊಂದಿಗೆ ಕೊಡಲಿ. ದೀಪಾವಳಿಗೆ ಮುನ್ನ, ಜನ ಇನ್ನೂ ಊರಲ್ಲಿರುವಾಗಲೇ, ಗ್ರಾಮಸಭೆಯಲ್ಲಿ ಆ ಅಂಕಿಯನ್ನು ಗಟ್ಟಿಯಾಗಿ ಓದಲಿ. ಹೊಸ ಕೊಳವೆ ಬಾವಿಯ ಅನುಮತಿಯನ್ನು ಅದಕ್ಕೆ ಕಟ್ಟಿಹಾಕಲಿ. ಇಷ್ಟನ್ನು ಮಾಡಲೊಲ್ಲದವರು ಮುಂದಿನ ಮಳೆಗಾಲದಲ್ಲಿ ಮತ್ತೆ ಶ್ರಮದಾನಕ್ಕೆ ಕರೆದರೆ, ಹೋದ ವರ್ಷದ ಲೆಕ್ಕ ಎಲ್ಲಿ ಎಂದು ಕೇಳುವುದೇ ಊರಿನವರು ಮಾಡಬೇಕಾದ ಮೊದಲ ಸೇವೆ.